ಒಂದು ದಾರ, ಒಂದು ಟೇಪು: ಸಿಲಿಂಡರ್, ಶಂಕು, ಗೋಳಗಳನ್ನು ಅಳೆಯುವ ಬಗೆ

ಚಳ್ಳಕೆರೆ ಹತ್ತಿರದ ನಮ್ಮೂರ ಮನೆಯ ಹಿತ್ತಲಿನಲ್ಲಿ ಕೆಲವು ವರ್ಷಗಳ ಹಿಂದೆ ಸಿಮೆಂಟ್ ರಿಂಗಿನ ತೊಟ್ಟಿ ಕಟ್ಟಿಸಿದೆವು. ಒಂದೊಂದು ಅಡಿ ಎತ್ತರದ ಆರು ರಿಂಗುಗಳು. ಇಳಿಸಿಕೊಟ್ಟವರು ಅಡ್ಡಲಾಗಿ ಟೇಪು ಹಿಡಿದು ಲೆಕ್ಕ ಹಾಕಿ, "ಎರಡೂವರೆ ಸಾವಿರ ಲೀಟರ್ ಹಿಡಿಯುತ್ತದೆ" ಎಂದರು. ಬೇಸಿಗೆಯಲ್ಲಿ ಅಷ್ಟೇ ನೀರಿನ ಟ್ಯಾಂಕರ್ ತರಿಸಿದೆವು. ತೊಟ್ಟಿ ತುಂಬಿ ತುಳುಕಿದರೂ ಪೈಪಿನಲ್ಲಿ ನೀರು ಬರುತ್ತಲೇ ಇತ್ತು. ಮುನ್ನೂರಕ್ಕೂ ಹೆಚ್ಚು ಲೀಟರ್ ಹಿತ್ತಲ ಮಣ್ಣಿನ ಪಾಲಾಯಿತು. ಆ ಸೀಮೆಯಲ್ಲಿ ಬೇಸಿಗೆಯ ನೀರು ಹಾಗೆ ಹರಿದು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಪ್ಪ ನನ್ನತ್ತ ತಿರುಗಿ, "ನೀನು ಲೆಕ್ಕದ ಮೇಷ್ಟ್ರಲ್ಲವೇನಪ್ಪಾ, ಉಳಿದ ಜಾಗ ಎಲ್ಲಿ ಹೋಯಿತು ಹೇಳು" ಎಂದರು.

ಜಾಗ ಹೋಗಿದ್ದದ್ದು ಗೋಡೆಯೊಳಗೆ. ರಿಂಗಿನ ದಪ್ಪ ಎರಡು ಇಂಚು. ಹೊರಗಿನಿಂದ ಅಳೆದರೆ ವ್ಯಾಸ 4 ಅಡಿ 4 ಇಂಚು, ಒಳಗಿನಿಂದ ಬರೀ 4 ಅಡಿ. ಹೊರ ಅಳತೆಯಲ್ಲಿ ಒಂದು ರಿಂಗಿಗೆ ಸುಮಾರು 418 ಲೀಟರ್ ಬರುತ್ತದೆ, ಒಳ ಅಳತೆಯಲ್ಲಿ 356. ಆರು ರಿಂಗಿಗೆ ಸೇರಿ ವ್ಯತ್ಯಾಸ ಸುಮಾರು 370 ಲೀಟರ್. ಅಂದರೆ ಎರಡೇ ಇಂಚಿನ ಗೋಡೆ ಒಂದು ರಿಂಗಿಗಿಂತ ಹೆಚ್ಚು ನೀರನ್ನು ನುಂಗಿತ್ತು.

ದಾವಣಗೆರೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ 'ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ' ಪಾಠ ಮಾಡುವಾಗ ಈ ತೊಟ್ಟಿಯಿಂದಲೇ ಆರಂಭಿಸುತ್ತೇನೆ. ಮಕ್ಕಳು ಸೂತ್ರಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ, ಪರೀಕ್ಷೆಯ ದಿನ ಒಂದರ ಬದಲು ಇನ್ನೊಂದನ್ನು ಬರೆಯುತ್ತಾರೆ. ದುಂಡಗಿನ ವಸ್ತುಗಳ ಲೆಕ್ಕಕ್ಕೆ ಎರಡೇ ಕೆಲಸ ಗೊತ್ತಿದ್ದರೆ ಸಾಕು ಎಂಬುದು ನನ್ನ ನಂಬಿಕೆ: ಮೇಲ್ಮೈ ಬೇಕಾದರೆ ಬಿಚ್ಚಿ ಹಾಸಬೇಕು, ಘನಫಲ ಬೇಕಾದರೆ ಅಡ್ಡಲಾಗಿ ಕೊಯ್ದು ಹಲ್ಲೆಗಳನ್ನು ನೋಡಬೇಕು. ಈ ಬರಹದಲ್ಲಿ ಆ ಎರಡನ್ನೇ ಮಾಡುತ್ತೇವೆ. ಹಿಗ್ಗದ ದಾರ, ಟೇಪು, ಲೀಟರ್ ಗೊತ್ತಿರುವ ಒಂದು ಪಾತ್ರೆ, ಹಳೆಯ ಪತ್ರಿಕೆ, ಎರಡು ಲೀಟರಿನಷ್ಟು ಮಂಡಕ್ಕಿ ಪಕ್ಕದಲ್ಲಿರಲಿ.

ಮೊದಲು ತ್ರಿಜ್ಯ

ದುಂಡಗಿನ ವಸ್ತುವಿನ ನಡುಮಧ್ಯ ಎಲ್ಲಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಟೇಪು ಮಧ್ಯದಿಂದ ಸ್ವಲ್ಪ ಸರಿದರೂ ವ್ಯಾಸ ಕಡಿಮೆ ಬರುತ್ತದೆ. ಆದ್ದರಿಂದ ವ್ಯಾಸವನ್ನು ಅಳೆಯಲು ಹೋಗಬೇಡಿ, ಸುತ್ತಳತೆಯನ್ನು ಅಳೆಯಿರಿ. ದಾರವನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿ, ತುದಿ ಕೂಡುವಲ್ಲಿ ಉಗುರಿನಿಂದ ಹಿಡಿದು, ಬಿಚ್ಚಿ ಟೇಪಿನ ಮೇಲೆ ಇಡಿ. ಆ ಉದ್ದವನ್ನು 7ರಿಂದ ಗುಣಿಸಿ 44ರಿಂದ ಭಾಗಿಸಿದರೆ ತ್ರಿಜ್ಯ. ಪರಿಧಿ ಎಂದರೆ ಎರಡು ತ್ರಿಜ್ಯವನ್ನು ಪೈಯಿಂದ ಗುಣಿಸಿದ್ದು, ಪೈ ಸುಮಾರು 22/7. ಈ 22/7 ನಿಜವಾದ ಪೈಗಿಂತ ತುಸುವೇ ಹೆಚ್ಚು. ಹತ್ತು ಸಾವಿರ ಲೀಟರಿನ ತೊಟ್ಟಿಯಲ್ಲಿ ಅದರಿಂದಾಗುವ ತಪ್ಪು 4 ಲೀಟರ್ ಮಾತ್ರ. ಮನೆ, ಹೊಲ, ಅಂಗಡಿಯ ಯಾವ ಲೆಕ್ಕಕ್ಕೂ ಅದು ಸಾಕು.

ದಾರ ಕೊಡುವುದು ಹೊರಗಿನ ತ್ರಿಜ್ಯವನ್ನು. ಒಳಗೆ ಏನು ಹಿಡಿಯುತ್ತದೆ ಎಂದು ತಿಳಿಯಬೇಕಾದರೆ ಗೋಡೆಯ ದಪ್ಪವನ್ನು ಅದರಿಂದ ಕಳೆಯಿರಿ. ತ್ರಿಜ್ಯದಿಂದ ಒಂದು ಸಲ, ವ್ಯಾಸದಿಂದಾದರೆ ಎರಡು ಸಲ. ಈ ಒಂದು ಕಡೆ ಮೈಯೆಲ್ಲಾ ಕಣ್ಣಾಗಿರಬೇಕು, ಏಕೆಂದರೆ ಸಿಲಿಂಡರ್‌ನ ಘನಫಲದಲ್ಲಿ ತ್ರಿಜ್ಯ ಎರಡು ಸಲ ಗುಣಿಸಿಕೊಳ್ಳುತ್ತದೆ. ಎತ್ತರದಲ್ಲಿ ನೂರಕ್ಕೆ 5 ತಪ್ಪಿದರೆ ಉತ್ತರವೂ ನೂರಕ್ಕೆ 5 ತಪ್ಪುತ್ತದೆ. ತ್ರಿಜ್ಯವನ್ನು ಅಷ್ಟೇ ಹೆಚ್ಚು ಅಳೆದರೆ ಉತ್ತರ ನೂರಕ್ಕೆ 10ಕ್ಕಿಂತ ಹೆಚ್ಚು ತಪ್ಪುತ್ತದೆ. ಗೋಳದಲ್ಲಿ ತ್ರಿಜ್ಯ ಮೂರು ಸಲ ಬರುವುದರಿಂದ ತಪ್ಪು ನೂರಕ್ಕೆ 15ನ್ನು ದಾಟುತ್ತದೆ.

ಸಿಲಿಂಡರ್: ರೊಟ್ಟಿಯ ಕಟ್ಟು

ಒಣಗಿದ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟನ್ನು ನೆನಪಿಸಿಕೊಳ್ಳಿ. ಒಂದು ರೊಟ್ಟಿಯ ವಿಸ್ತೀರ್ಣ ಪೈ × ತ್ರಿಜ್ಯ × ತ್ರಿಜ್ಯ. ಕಟ್ಟಿನ ಎತ್ತರ ಎಷ್ಟೋ ಅಷ್ಟರಿಂದ ಅದನ್ನು ಗುಣಿಸಿದರೆ ಘನಫಲ. ಸೂತ್ರ ಇಷ್ಟೇ: ತಳದ ವಿಸ್ತೀರ್ಣ × ಎತ್ತರ.

ಈಗ ಆ ಕಟ್ಟನ್ನು ಅಂಗೈಯಿಂದ ಒಂದು ಬದಿಗೆ ಮೆಲ್ಲಗೆ ತಳ್ಳಿ. ಕಟ್ಟು ವಾಲುತ್ತದೆ, ಆದರೆ ರೊಟ್ಟಿ ಅವೇ, ಲೆಕ್ಕವೂ ಅದೇ. ಹಾಗಾಗಿ ಓರೆಯಾಗಿ ನಿಂತ ಸಿಲಿಂಡರ್‌ಗೂ ಅದೇ ಸೂತ್ರ ಸಲ್ಲುತ್ತದೆ. ಎತ್ತರವನ್ನು ಮಾತ್ರ ಓರೆಯಾಗಿ ಅಳೆಯದೆ ನೆಟ್ಟಗೆ, ನೆಲದಿಂದ ಮೇಲಕ್ಕೆ ಅಳೆಯಬೇಕು. ಎರಡು ವಸ್ತುಗಳನ್ನು ಒಂದೇ ಎತ್ತರದಲ್ಲಿ ಎಲ್ಲಿ ಕೊಯ್ದರೂ ಹಲ್ಲೆಗಳ ವಿಸ್ತೀರ್ಣ ಸಮವಾಗಿದ್ದರೆ ಅವುಗಳ ಘನಫಲವೂ ಸಮ. ಈ ಮಾತನ್ನು ಇಟಲಿಯ ಕವಲಿಯೇರಿ 1635ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಗೋಳದ ಹತ್ತಿರ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಸಿಲಿಂಡರ್ ನೆಲದೊಳಗಿದೆ: ಕೊಳವೆ ಬಾವಿ. ಆರೂವರೆ ಇಂಚಿನ ಬೋರಿನ ತ್ರಿಜ್ಯ ಸುಮಾರು 8.25 ಸೆಂ.ಮೀ., ಅಡ್ಡ ವಿಸ್ತೀರ್ಣ ಸುಮಾರು 214 ಚದರ ಸೆಂ.ಮೀ. ಒಂದು ಅಡಿ ಎಂದರೆ 30.48 ಸೆಂ.ಮೀ. ಗುಣಿಸಿದರೆ ಸುಮಾರು 6,500 ಘನ ಸೆಂ.ಮೀ., ಅಂದರೆ ಆರೂವರೆ ಲೀಟರ್. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಆರೂವರೆ ಲೀಟರ್ ಎಂದು ನೆನಪಿಡುವುದು ಸುಲಭ. ಇದು ಆ ಅಳತೆಯ ಬೋರಿಗೆ ಮಾತ್ರ ಒದಗಿದ ಕಾಕತಾಳೀಯ. ಬೇರೆ ಬೋರಿಗೆ ಇಂಚಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 0.154ರಿಂದ ಗುಣಿಸಿ. ಎಂಟು ಇಂಚಿಗೆ ಅಡಿಗೆ ಹತ್ತಿರ ಹತ್ತಿರ 10 ಲೀಟರ್ ಬರುತ್ತದೆ.

ಈ ಸಂಖ್ಯೆಯ ಬೆಲೆ ಹೊಲದಲ್ಲಿ ನಿಂತಾಗ ತಿಳಿಯುತ್ತದೆ. "ನೂರು ಅಡಿ ನೀರು ನಿಂತಿದೆ" ಎಂದು ಸಂತೋಷಪಡುವವರನ್ನು ಕಂಡಿದ್ದೇನೆ. ನೂರು ಅಡಿ ಎಂದರೆ 650 ಲೀಟರ್, ಮೂರು ಡ್ರಮ್ಮಿನಷ್ಟು. ನಿಮಿಷಕ್ಕೆ 65 ಲೀಟರ್ ಎತ್ತುವ ಪಂಪು ಹತ್ತೇ ನಿಮಿಷದಲ್ಲಿ ಅದನ್ನು ಬರಿದು ಮಾಡುತ್ತದೆ. ಆಮೇಲೆ ಬರುವುದು ಕಲ್ಲಿನ ಸಂದಿಯಿಂದ ಒಸರುವ ನೀರು ಮಾತ್ರ. ಬೋರು ಹತ್ತು ನಿಮಿಷ ಓಡಿ ಗಾಳಿ ಉಗುಳಿದರೆ ಪಂಪನ್ನು ದೂರುವ ಮೊದಲು ಈ ಗುಣಾಕಾರ ಮಾಡಿ ನೋಡಿ.

ಮಲಗಿದ ಸಿಲಿಂಡರ್

ಟ್ಯಾಂಕರಿನ ಬುರುಡೆ ಮಲಗಿರುವ ಸಿಲಿಂಡರ್. ಒಳಗೆ ಕೋಲು ಇಳಿಸಿ ನೀರಿನ ಮಟ್ಟ ನೋಡುವವರು ಅರ್ಧ ಎತ್ತರಕ್ಕೆ ಅರ್ಧ ನೀರು ಎನ್ನುತ್ತಾರೆ, ಅದು ಸರಿ. ಕಾಲು ಎತ್ತರಕ್ಕೆ ಕಾಲು ನೀರು ಎಂದರೆ ಮಾತ್ರ ತಪ್ಪು. ತಳದಲ್ಲಿ ವೃತ್ತ ಕಿರಿದಾಗಿರುವುದರಿಂದ ಕಾಲು ಎತ್ತರದಲ್ಲಿ ನೂರಕ್ಕೆ 19.5ರಷ್ಟು ನೀರಿರುತ್ತದೆ, ಮುಕ್ಕಾಲು ಎತ್ತರದಲ್ಲಿ 80.5ರಷ್ಟು. 5,000 ಲೀಟರಿನ ಟ್ಯಾಂಕರಿನಲ್ಲಿ ಕಾಲು ಮಟ್ಟ ಎಂದರೆ 1,250 ಅಲ್ಲ, ಸುಮಾರು 980 ಲೀಟರ್. ಬುರುಡೆ ಪೂರ್ತಿ ದುಂಡಗಿರದೆ ಅಡ್ಡಕ್ಕೆ ಹಿಗ್ಗಿದ ದೀರ್ಘವೃತ್ತವಾಗಿದ್ದರೂ ಪ್ರಮಾಣ ಇದೇ, ಏಕೆಂದರೆ ಪ್ರತಿ ಮಟ್ಟದಲ್ಲೂ ಅಗಲ ಒಂದೇ ಪಾಲಿನಷ್ಟು ಹಿಗ್ಗಿರುತ್ತದೆ. ಉಳಿದ ಮಟ್ಟಗಳಿಗೆ ತ್ರಿಕೋನಮಿತಿ ಬೇಕು. ಅದಕ್ಕಿಂತ ಬಕೆಟ್ಟಿನಲ್ಲಿ ಅಳೆದು ಸುರಿಯುತ್ತಾ ಕೋಲಿಗೆ ಗುರುತು ಹಾಕಿಕೊಳ್ಳುವುದೇ ವಾಸಿ.

ಬಿಚ್ಚಿ ಹಾಸಿದರೆ

ಡಬ್ಬಕ್ಕೆ ಸುತ್ತಿದ ಲೇಬಲ್ಲನ್ನು ನೇರವಾಗಿ ಸೀಳಿ ಬಿಚ್ಚಿದರೆ ಆಯತ ಸಿಗುತ್ತದೆ. ಅದರ ಒಂದು ಬಾಹು ಡಬ್ಬದ ಸುತ್ತಳತೆ, ಇನ್ನೊಂದು ಎತ್ತರ. ಆದ್ದರಿಂದ ಪಾರ್ಶ್ವ ಮೇಲ್ಮೈ ಎಂದರೆ 2 × ಪೈ × ತ್ರಿಜ್ಯ × ಎತ್ತರ. ಮೇಲೆ ಕೆಳಗೆ ಮುಚ್ಚಳಗಳಿದ್ದರೆ ಎರಡು ವೃತ್ತ ಸೇರಿಸಿ. ತೊಟ್ಟಿಗೆ ಒಳಗಿನಿಂದ ಪ್ಲಾಸ್ಟರ್ ಮಾಡಿಸುವುದಾದರೆ ಒಂದೇ ವೃತ್ತ, ತಳದ್ದು. ಘನಫಲದ ಸೂತ್ರವನ್ನೂ ಇದನ್ನೂ ಅದಲುಬದಲು ಮಾಡುವ ಭಯವಿದ್ದರೆ, ಉದ್ದಗಳು ಎಷ್ಟು ಸಲ ಗುಣಿಸಿಕೊಂಡಿವೆ ಎಂದು ಎಣಿಸಿ. ಎರಡು ಸಲವಾದರೆ ಮೇಲ್ಮೈ, ಮೂರು ಸಲವಾದರೆ ಘನಫಲ.

ಇಲ್ಲಿ ಮಂಡಕ್ಕಿ ಬೇಕು. ಪತ್ರಿಕೆಯಿಂದ 44 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲದ ಎರಡು ಹಾಳೆಗಳನ್ನು ಕತ್ತರಿಸಿ. ಒಂದನ್ನು ಉದ್ದದ ಬದಿ ಸುತ್ತಳತೆಯಾಗುವಂತೆ ಸುತ್ತಿ, ಅಂಚುಗಳು ಒಂದಕ್ಕೊಂದು ತಾಗುವಂತೆ ಅಂಟು ಟೇಪು ಹಚ್ಚಿ. ಇನ್ನೊಂದನ್ನು ಅಗಲದ ಬದಿ ಸುತ್ತಳತೆಯಾಗುವಂತೆ ಸುತ್ತಿ. ಮೊದಲನೆಯದು ಗಿಡ್ಡ ದಪ್ಪ, ಎರಡನೆಯದು ಎತ್ತರದ ಸಪೂರ. ಯಾವುದರಲ್ಲಿ ಹೆಚ್ಚು ಮಂಡಕ್ಕಿ ಹಿಡಿಯುತ್ತದೆ ಎಂದು ಕೇಳಿದರೆ ತರಗತಿಯ ಹೆಚ್ಚಿನವರು "ಎರಡೂ ಒಂದೇ ಸಾರ್, ಹಾಳೆ ಒಂದೇ ಅಲ್ಲವಾ" ಎನ್ನುತ್ತಾರೆ. ಸಪೂರ ಕೊಳವೆಯನ್ನು ದಪ್ಪ ಕೊಳವೆಯ ಒಳಗೆ ನಿಲ್ಲಿಸಿ, ತುದಿಯವರೆಗೆ ಮಂಡಕ್ಕಿ ತುಂಬಿಸಿ, ಮೆಲ್ಲಗೆ ಮೇಲಕ್ಕೆತ್ತಿ. ಮಂಡಕ್ಕಿ ಸರಸರನೆ ಕುಸಿದು ಹರಡಿ, ದಪ್ಪ ಕೊಳವೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಲೆಕ್ಕವೂ ಅದನ್ನೇ ಹೇಳುತ್ತದೆ: ದಪ್ಪನೆಯದಕ್ಕೆ ತ್ರಿಜ್ಯ 7, ಘನಫಲ 3,388 ಘನ ಸೆಂ.ಮೀ. ಸಪೂರದಕ್ಕೆ ತ್ರಿಜ್ಯ 3.5, ಘನಫಲ 1,694. ಸರಿಯಾಗಿ ಅರ್ಧ. ಅದೇ ತಗಡಿನಿಂದ ಕಣಜ ಮಾಡಿಸುವವರು ಎತ್ತರಕ್ಕೆ ಹೋಗದೆ ಅಗಲಕ್ಕೆ ಹೋದರೆ ಹೆಚ್ಚು ಕಾಳು ಹಿಡಿಯುತ್ತದೆ.

ಶಂಕು: ಪೊಟ್ಟಣ ಮತ್ತು ರಾಶಿ

ಖಾರ ಮಂಡಕ್ಕಿ ಕಟ್ಟಿಕೊಡುವವರ ಕೈಚಳಕ ನೋಡಿದ್ದೀರಲ್ಲ, ಕಾಗದವನ್ನು ಒಂದು ಮೂಲೆಯಿಂದ ತಿರುಚಿ ಕ್ಷಣದಲ್ಲಿ ಪೊಟ್ಟಣ ಮಾಡುತ್ತಾರೆ. ಆ ಪೊಟ್ಟಣವೇ ಶಂಕು. ಬಾಯಿಯ ಅಂಚನ್ನು ಸಮವಾಗಿ ಕತ್ತರಿಸಿ ಬಿಚ್ಚಿ ಹಾಸಿದರೆ ವೃತ್ತದ ಒಂದು ತುಂಡು ಸಿಗುತ್ತದೆ. ಆ ತುಂಡಿನ ತ್ರಿಜ್ಯವೇ ಶಂಕುವಿನ ಓರೆ ಎತ್ತರ. ಮೇಲ್ಮೈ ಪೈ × ತ್ರಿಜ್ಯ × ಓರೆ ಎತ್ತರ. ಘನಫಲ ಅದೇ ತಳ, ಅದೇ ಎತ್ತರದ ಸಿಲಿಂಡರ್‌ನ ಮೂರನೇ ಒಂದು ಭಾಗ. ದಪ್ಪ ಕಾಗದದಲ್ಲಿ ಎರಡನ್ನೂ ಮಾಡಿ ಸುರಿದರೆ ಮೂರು ಪೊಟ್ಟಣಕ್ಕೆ ಸಿಲಿಂಡರ್ ತುಂಬುತ್ತದೆ.

ಇದರ ದೊಡ್ಡ ಉಪಯೋಗ ಕಣದಲ್ಲಿ. ಮೆಕ್ಕೆಜೋಳದ ರಾಶಿ ನೋಡಿ ಎಷ್ಟು ಕ್ವಿಂಟಾಲ್ ಇರಬಹುದೆಂದು ಎಲ್ಲರೂ ಬಾಯಿಮಾತಿನ ಅಂದಾಜು ಹೇಳುತ್ತಾರೆ. ನೀವು ದಾರ ತೆಗೆಯಿರಿ. ರಾಶಿಯ ಬುಡವನ್ನು ಸುತ್ತಿ ಅಳೆಯಿರಿ, 22 ಮೀಟರ್ ಬಂತೆನ್ನಿ. 7ರಿಂದ ಗುಣಿಸಿ 44ರಿಂದ ಭಾಗಿಸಿದರೆ ತ್ರಿಜ್ಯ 3.5 ಮೀಟರ್. ರಾಶಿಯ ಒಳಗೆ ಕೋಲು ಚುಚ್ಚಿ ಎತ್ತರ ನೋಡಬೇಕಾಗಿಲ್ಲ. ಒಂದು ಬದಿಯ ಬುಡದಿಂದ ದಾರವನ್ನು ನೆತ್ತಿಯ ಮೇಲೆ ಹಾಯಿಸಿ ಎದುರು ಬದಿಯ ಬುಡಕ್ಕೆ ಇಳಿಸಿ. ಅದು 7.7 ಮೀಟರ್ ಆದರೆ ಅರ್ಧ, 3.85, ಓರೆ ಎತ್ತರ. ಈಗ ಪೈಥಾಗೊರಸ್: 3.85ರ ವರ್ಗದಿಂದ 3.5ರ ವರ್ಗ ಕಳೆದರೆ 2.57, ಅದರ ವರ್ಗಮೂಲ 1.6. ರಾಶಿಯ ಎತ್ತರ 1.6 ಮೀಟರ್. ತಳದ ವಿಸ್ತೀರ್ಣ 38.5 ಚದರ ಮೀಟರ್, ಅದನ್ನು 1.6ರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಸುಮಾರು 20.5 ಘನ ಮೀಟರ್.

ತೂಕಕ್ಕೆ ಪುಸ್ತಕದ ಸಂಖ್ಯೆಗಿಂತ ನಿಮ್ಮ ಕಾಳನ್ನೇ ನಂಬಿ. ಹತ್ತು ಲೀಟರಿನ ಪಾತ್ರೆಯಲ್ಲಿ ಕಾಳು ತುಂಬಿ, ಅಂಚಿಗೆ ಸವರಿ, ತೂಗಿ. ಚೆನ್ನಾಗಿ ಒಣಗಿದ ಮೆಕ್ಕೆಜೋಳ ಸುಮಾರು 7.2 ಕೆ.ಜಿ. ತೂಗುತ್ತದೆ. ಹಾಗಾದರೆ ಘನ ಮೀಟರಿಗೆ 720 ಕೆ.ಜಿ., ರಾಶಿಗೆ ಸುಮಾರು 148 ಕ್ವಿಂಟಾಲ್. ನೆತ್ತಿ ಚಪ್ಪಟೆಯಾಗಿದ್ದರೆ ಮೊದಲು ಸಲಿಕೆಯಿಂದ ಮೇಲಕ್ಕೆಳೆದು ಚೂಪು ಮಾಡಿಕೊಳ್ಳಿ. ಬುಡ ಒಂದು ಕಡೆ ಹರಡಿದ್ದರೆ ಎರಡು ದಿಕ್ಕಿನಿಂದ ದಾರ ಹಾಯಿಸಿ ಸರಾಸರಿ ತೆಗೆದುಕೊಳ್ಳಿ. ತಕ್ಕಡಿಗೆ ಇದು ಬದಲಿಯಲ್ಲ, ಆದರೆ ಲಾರಿ ಬರುವ ಮೊದಲು ಎಷ್ಟು ಚೀಲ ಬೇಕೆಂದು ತಿಳಿಯಲು, ವ್ಯಾಪಾರಿಯ ಅಂದಾಜು ತೀರಾ ಕಡಿಮೆಯಾದಾಗ ಧೈರ್ಯವಾಗಿ ಮಾತಾಡಲು ಇದು ಸಾಕು.

ಬಕೆಟ್: ತಲೆ ಕತ್ತರಿಸಿದ ಶಂಕು

ಬಕೆಟ್, ಲೋಟಗಳಿಗೆ ಶಾಲೆಯಲ್ಲಿ ಶಂಕುವಿನ ಭಿನ್ನಕ ಎಂದು ಹೆಸರು. ಸೂತ್ರ ಉದ್ದವಾಗಿದೆ: ಮೇಲಿನ ತ್ರಿಜ್ಯದ ವರ್ಗ, ಕೆಳಗಿನ ತ್ರಿಜ್ಯದ ವರ್ಗ, ಎರಡರ ಗುಣಲಬ್ಧ, ಈ ಮೂರನ್ನು ಕೂಡಿಸಿ, ಪೈ ಮತ್ತು ಎತ್ತರದಿಂದ ಗುಣಿಸಿ, 3ರಿಂದ ಭಾಗಿಸಬೇಕು. ಮೇಲೆ 14, ಕೆಳಗೆ 10, ಎತ್ತರ 24 ಸೆಂ.ಮೀ. ಇರುವ ಬಕೆಟ್ಟಿಗೆ 10.96 ಲೀಟರ್ ಬರುತ್ತದೆ. ಎರಡು ತ್ರಿಜ್ಯಗಳ ಸರಾಸರಿ 12 ಹಿಡಿದು ಸಿಲಿಂಡರ್ ಎಂದುಕೊಂಡರೆ 10.86. ನೂರು ಮಿಲಿ ಲೀಟರಿನ ವ್ಯತ್ಯಾಸ. ಪರೀಕ್ಷೆಯಲ್ಲಿ ಕೇಳಿದರೆ ಪೂರ್ತಿ ಸೂತ್ರ ಬರೆಯಿರಿ, ಮನೆಯಲ್ಲಿ ಸರಾಸರಿ ಸಾಕು. ಆದರೆ ಅರ್ಧ ಎತ್ತರ ಎಂದರೆ ಅರ್ಧ ಬಕೆಟ್ ಅಲ್ಲ. ಇದೇ ಬಕೆಟ್ಟಿನಲ್ಲಿ 12 ಸೆಂ.ಮೀ. ಮಟ್ಟಕ್ಕೆ ಇರುವುದು 4.58 ಲೀಟರ್ ಮಾತ್ರ.

ಗೋಳ

ಎಲ್ಲಕ್ಕಿಂತ ಚೆಲುವಾದದ್ದು ಗೋಳದ ಲೆಕ್ಕ, ಇಲ್ಲಿ ಸ್ವಲ್ಪ ನಿಧಾನಿಸಬೇಕು. ತ್ರಿಜ್ಯ 10 ಇರುವ ಅರ್ಧಗೋಳವನ್ನು ಬೋರಲಾಗಿ ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ತ್ರಿಜ್ಯ 10, ಎತ್ತರ 10 ಇರುವ ಸಿಲಿಂಡರ್ ಇಡಿ. ಅದರ ಒಳಗಿನಿಂದ ಬಾಯಿ ಮೇಲಾಗಿ, ತುದಿ ತಳದ ನಡುವಿಗೆ ತಾಗುವಂತೆ ಸಿಲಿಂಡರ್‌ನಷ್ಟೇ ಬಾಯಗಲವಿರುವ ಒಂದು ಶಂಕುವನ್ನು ಕೆತ್ತಿ ತೆಗೆದಿದ್ದಾರೆ ಎಂದುಕೊಳ್ಳಿ. ಈಗ ಎರಡನ್ನೂ ಮೇಜಿನಿಂದ 6 ಎತ್ತರದಲ್ಲಿ ಅಡ್ಡಲಾಗಿ ಕೊಯ್ಯಿರಿ. ಅರ್ಧಗೋಳದ ಹಲ್ಲೆ ಒಂದು ವೃತ್ತ, ಪೈಥಾಗೊರಸ್ ಪ್ರಕಾರ ಅದರ ತ್ರಿಜ್ಯದ ವರ್ಗ 100 − 36, ಅಂದರೆ 64. ಸಿಲಿಂಡರ್‌ನ ಹಲ್ಲೆ ಬಳೆಯಂತೆ ಕಾಣುತ್ತದೆ. ಹೊರ ವೃತ್ತದ ತ್ರಿಜ್ಯದ ವರ್ಗ 100, ಒಳಗಿನ ತೂತು 6 ಎತ್ತರದಲ್ಲಿ 6 ತ್ರಿಜ್ಯದ್ದು, ವರ್ಗ 36. ಉಳಿದದ್ದು 64. ಎರಡೂ ಸಮ! 6ರ ಬದಲು ಯಾವ ಎತ್ತರ ತೆಗೆದುಕೊಂಡರೂ ಹೀಗೇ ಬರುತ್ತದೆ. ರೊಟ್ಟಿ ಕಟ್ಟಿನ ನಿಯಮದಂತೆ ಅರ್ಧಗೋಳದ ಘನಫಲ ಸಿಲಿಂಡರ್‌ನಿಂದ ಶಂಕು ಕಳೆದಷ್ಟು, ಅಂದರೆ ಸಿಲಿಂಡರ್‌ನ ಮೂರನೇ ಎರಡು ಭಾಗ. ಪೂರ್ತಿ ಗೋಳಕ್ಕೆ 4/3 × ಪೈ × ತ್ರಿಜ್ಯದ ಘನ.

ಗೋಳವೂ ಅದನ್ನು ಸರಿಯಾಗಿ ಹಿಡಿಸುವ ಸಿಲಿಂಡರ್ ಕೂಡ 2ಕ್ಕೆ 3ರ ಅನುಪಾತದಲ್ಲಿವೆ ಎಂದು ಕಂಡುಕೊಂಡವನು ಆರ್ಕಿಮಿಡೀಸ್. ಆ ಚಿತ್ರವನ್ನೇ ತನ್ನ ಸಮಾಧಿಯ ಮೇಲೆ ಕೆತ್ತಿಸಬೇಕೆಂದು ಬಯಸಿದ್ದನಂತೆ. ಕ್ರಿ.ಪೂ. 75ರ ಸುಮಾರಿಗೆ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸೆರೊ, ಮುಳ್ಳುಕಂಟಿಗಳ ನಡುವೆ ಆ ಗೋಳ ಮತ್ತು ಸಿಲಿಂಡರ್ ಕಂಡು ಸಮಾಧಿಯನ್ನು ಗುರುತಿಸಿದ. ನಮ್ಮ ನಾಡಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗೋಳಕ್ಕೆ ಎರಡು ಲೆಕ್ಕ ಕೊಟ್ಟಿದ್ದಾನೆ. ವ್ಯವಹಾರಕ್ಕೆ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು, ಸೂಕ್ಷ್ಮಕ್ಕೆ ಅದರ ಹತ್ತನೇ ಒಂಬತ್ತು ಭಾಗ, ಅಂದರೆ 4.05 ಪಟ್ಟು. ನಿಜವಾದದ್ದು 4.19. ಉತ್ತರ ಪೂರ್ತಿ ಕೂಡಿಬರದಿದ್ದರೂ, ಎಲ್ಲಿ ಒರಟು ಲೆಕ್ಕ ಸಾಕು, ಎಲ್ಲಿ ಸಾಲದು ಎಂದು ಬೇರ್ಪಡಿಸಿ ಹೇಳಿದ ಆ ಕ್ರಮ ನನಗೆ ಬಹಳ ಇಷ್ಟ.

ಗೋಳದ ಮೇಲ್ಮೈ ಚಪ್ಪಟೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೆ ಕಿತ್ತಳೆ ಹಣ್ಣು ಬೇಕು. ಹಣ್ಣನ್ನು ನಡುವೆ ಕೊಯ್ದು, ಆ ಅರ್ಧವನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದು ನಾಲ್ಕು ವೃತ್ತ ಬರೆಯಿರಿ. ಎರಡೂ ಅರ್ಧಗಳ ಸಿಪ್ಪೆಯನ್ನು ಚೂರು ಮಾಡಿ ವೃತ್ತಗಳೊಳಗೆ ಸಂದಿಯಿಲ್ಲದಂತೆ ಹೊಂದಿಸಿ. ನಾಲ್ಕು ವೃತ್ತಗಳು ತುಂಬುವ ಹೊತ್ತಿಗೆ ಸಿಪ್ಪೆ ಮುಗಿಯುತ್ತದೆ: 4 × ಪೈ × ತ್ರಿಜ್ಯದ ವರ್ಗ.

ಕ್ರಿಕೆಟ್ ಚೆಂಡಿನ ಸುತ್ತಳತೆ ನಿಯಮದಂತೆ 22.4ರಿಂದ 22.9 ಸೆಂ.ಮೀ. ತ್ರಿಜ್ಯ ಸುಮಾರು 3.6, ಘನಫಲ ಸುಮಾರು 195 ಘನ ಸೆಂ.ಮೀ. ತೂಕ 156ರಿಂದ 163 ಗ್ರಾಂ. ಅಷ್ಟೇ ಜಾಗದ ನೀರು 195 ಗ್ರಾಂ ತೂಗುವುದರಿಂದ, ಬಾವಿಗೆ ಬಿದ್ದ ಚೆಂಡು ತೇಲುತ್ತದೆ.

ಕೋಟೆಗೆ ಹೋಗುವಾಗ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡುವಾಗ ಮಕ್ಕಳಿಗೆ ಒನಕೆಯ ಲೆಕ್ಕ ಕೊಡಿ. ಒನಕೆ ಎಂದರೆ ಸಪೂರವಾದ ಸಿಲಿಂಡರ್. 150 ಸೆಂ.ಮೀ. ಉದ್ದ, 8 ಸೆಂ.ಮೀ. ವ್ಯಾಸ ಎಂದಿಟ್ಟುಕೊಂಡರೆ ಘನಫಲ ಸುಮಾರು 7,540 ಘನ ಸೆಂ.ಮೀ. ಗಟ್ಟಿ ಮರ ಘನ ಸೆಂಟಿಮೀಟರಿಗೆ 0.8 ಗ್ರಾಂ ತೂಗಿದರೆ ಆರು ಕೆ.ಜಿ. ಅಷ್ಟನ್ನು ಮತ್ತೆ ಮತ್ತೆ ಎತ್ತಿ ಬೀಸುವ ತೋಳಿನ ಬಲ ಎಷ್ಟಿರಬೇಕೆಂದು ಮಕ್ಕಳೇ ಹೇಳಲಿ.

ಅಲ್ಲಿಂದ ಮದ್ದು ಬೀಸುವ ಕಲ್ಲುಗಳ ಹತ್ತಿರ ಬನ್ನಿ. ಅವು ಗಿಡ್ಡ, ಅಗಲ ಸಿಲಿಂಡರ್‌ಗಳು. ಕೋಟೆ ರಕ್ಷಿತ ಸ್ಮಾರಕ, ಆದ್ದರಿಂದ ಹತ್ತಿರ ಬಿಡುವಷ್ಟು ದೂರ ಮಾತ್ರ ಹೋಗಿ, ಕಲ್ಲಿಗೆ ಸೀಮೆಸುಣ್ಣದ ಗುರುತನ್ನೂ ಹಾಕಬೇಡಿ. ಉದಾಹರಣೆಗೆ ತ್ರಿಜ್ಯ 70 ಸೆಂ.ಮೀ., ದಪ್ಪ 40 ಸೆಂ.ಮೀ. ಎಂದು ಹಿಡಿಯಿರಿ. ಘನಫಲ 0.616 ಘನ ಮೀಟರ್. ಗ್ರಾನೈಟ್ ಕಲ್ಲು ಘನ ಮೀಟರಿಗೆ ಸುಮಾರು 2,650 ಕೆ.ಜಿ. ತೂಗುತ್ತದೆ, ಹಾಗಾಗಿ 1,632 ಕೆ.ಜಿ. ನಡುವೆ 10 ಸೆಂ.ಮೀ. ತ್ರಿಜ್ಯದ ಆರಪಾರ ತೂತಿದ್ದರೆ ಕಳೆಯಬೇಕಾದದ್ದು 33 ಕೆ.ಜಿ. ಮಾತ್ರ. ಉಳಿದ 1,600 ಕೆ.ಜಿ. ಕಲ್ಲನ್ನು ತಿರುಗಿಸಲು ಎಷ್ಟು ಜೋಡಿ ಎತ್ತು ಬೇಕಾದೀತೆಂದು ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ಚರ್ಚಿಸಬಹುದು.